ತಿನಾಲಕ್: ಕತ್ತರಿ ತಾಗಿಸದೆ ಕೊಳ್ಳಬೇಕಾದ ಬಟ್ಟೆ

ಫಿಲಿಪೀನ್ಸಿನ ದಕ್ಷಿಣದ ದೊಡ್ಡ ದ್ವೀಪ ಮಿಂಡನಾವೊ. ಅಲ್ಲಿನ ಸೌತ್ ಕೊಟಬಾಟೊ ಪ್ರಾಂತ್ಯದ ಲೇಕ್ ಸೆಬು ಎಂಬ ಊರಿನಲ್ಲಿ ತಿಬೋಲಿ ಬುಡಕಟ್ಟಿನ ಹೆಂಗಸರು ಅಬಾಕಾ ನಾರಿನಿಂದ ನೇಯುವ ಬಟ್ಟೆಗೆ ತಿನಾಲಕ್ ಎಂದು ಹೆಸರು. ನೇಕಾರರಿಂದಲೇ ಕೊಂಡ ಒಂದು ತುಂಡನ್ನು ಮನೆಯಲ್ಲಿಟ್ಟುಕೊಂಡು, ಹಗಲಿನ ಬೆಳಕಿನಲ್ಲೂ ದೀಪದ ಬೆಳಕಿನಲ್ಲೂ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಉಡಲು ತೊಡಲು ಬಟ್ಟೆ ಹುಡುಕುವವರಿಗೆ ಇದು ಒಗ್ಗುವುದಿಲ್ಲ, ಇಡೀ ತುಂಡನ್ನು ಹಾಗೆಯೇ ಗೋಡೆಯ ಮೇಲೆ ಇಳಿಬಿಟ್ಟು ನೋಡುವ ಮನಸ್ಸುಳ್ಳವರಿಗೆ ಇದಕ್ಕಿಂತ ಒಳ್ಳೆಯ ಕೈಮಗ್ಗದ ವಸ್ತು ಆ ದೇಶದಲ್ಲಿ ನನಗೆ ಕಂಡಿಲ್ಲ.

ಅಬಾಕಾ ಬಾಳೆಯದೇ ಕುಲದ ಗಿಡ. ದೂರದಿಂದ ನೋಡಿದರೆ ಬಾಳೆತೋಟವೆಂದೇ ಅನಿಸುತ್ತದೆ. ಆದರೆ ಇದನ್ನು ಬೆಳೆಸುವುದು ಹಣ್ಣಿಗಾಗಿ ಅಲ್ಲ, ದಿಂಡಿನ ಪದರಗಳಲ್ಲಿರುವ ಗಟ್ಟಿಯಾದ ನಾರಿಗಾಗಿ. ಹಡಗಿನ ಹಗ್ಗಗಳಿಗೆ ಹೆಸರಾದ ‘ಮನಿಲಾ ಹೆಂಪ್’ ಎಂಬುದು ಇದೇ ನಾರು. ಬಾಳೆನಾರಿನಲ್ಲಿ ಹೂ ಕಟ್ಟಿದವರಿಗೆ, ಆನೆಗೊಂದಿಯ ಹೆಂಗಸರು ಬಾಳೆನಾರಿನಿಂದ ಹೆಣೆಯುವ ಬುಟ್ಟಿ, ಚೀಲಗಳನ್ನು ಕಂಡವರಿಗೆ ಈ ನಾರಿನ ಬಿಗುಪು ಹೊಸದೇನಲ್ಲ. ತಿಬೋಲಿ ಹೆಂಗಸರು ಮಾತ್ರ ಅದನ್ನು ಕೂದಲೆಳೆಯಷ್ಟು ಸಣ್ಣಗೆ ಸೀಳಿ, ಎಳೆಯ ತುದಿಗೆ ಇನ್ನೊಂದು ಎಳೆಯ ತುದಿಯನ್ನು ಕೈಯಿಂದಲೇ ಗಂಟು ಹಾಕುತ್ತ ಉದ್ದದ ನೂಲು ಮಾಡುತ್ತಾರೆ. ನೂಲುವ ರಾಟೆಯ ಕೆಲಸ ಇದರಲ್ಲಿ ಇಲ್ಲವೇ ಇಲ್ಲ.

ವಿನ್ಯಾಸವೆಲ್ಲ ನೇಯ್ಗೆಗೆ ಮೊದಲೇ ಸಿದ್ಧವಾಗುತ್ತದೆ. ಹಾಸಿನ, ಅಂದರೆ ಉದ್ದಕ್ಕೆ ಬರುವ ಎಳೆಗಳನ್ನು ಚೌಕಟ್ಟಿಗೆ ಬಿಗಿದು, ಬಣ್ಣ ಹತ್ತಬಾರದ ಕಡೆಯಲ್ಲೆಲ್ಲ ಮೇಣ ಸವರಿದ ದಾರದಿಂದ ಕಟ್ಟಿ, ಬಣ್ಣದಲ್ಲಿ ಅದ್ದುತ್ತಾರೆ. ಪೋಚಂಪಲ್ಲಿಯ ಇಕತ್ ಸೀರೆಗಳನ್ನು ಬಲ್ಲವರಿಗೆ ಈ ಕ್ರಮ ಗೊತ್ತಿರುತ್ತದೆ. ಇಲ್ಲಿ ಕಟ್ಟುವುದು ಹಾಸನ್ನು ಮಾತ್ರ, ಅಡ್ಡಕ್ಕೆ ಬರುವ ಹೊಕ್ಕು ಒಂದೇ ಬಣ್ಣದ್ದು. ಸಾಂಪ್ರದಾಯಿಕ ತುಂಡಿನಲ್ಲಿ ಮೂರೇ ಬಣ್ಣ: ಕ್ನಾಲುಮ್ ಎಂಬ ಮರದ ಎಲೆಗಳೊಡನೆ ವಾರಗಟ್ಟಲೆ ಕುದಿಸಿ ಹತ್ತಿಸುವ ಕಪ್ಪು, ಲೋಕೋ ಎಂಬ ಗಿಡದ ಬೇರಿನ ಕೆಂಪು, ಬಣ್ಣ ಹತ್ತದೆ ಉಳಿದ ನಾರಿನ ಬಿಳುಪು. ಎದುರಿಗೆ ಬರೆದ ಚಿತ್ರವಾಗಲಿ ಅಳತೆಪಟ್ಟಿಯಾಗಲಿ ಇರುವುದಿಲ್ಲ. ಎಲ್ಲಿ ಕಟ್ಟಬೇಕು, ಎಲ್ಲಿ ಬಿಡಬೇಕು ಎಂಬುದೆಲ್ಲ ನೇಯುವವಳ ನೆನಪಿನಲ್ಲೇ ಇರುತ್ತದೆ. ಅಬಾಕಾಕ್ಕೆ ಫು ದಾಲು ಎಂಬ ಅಧಿದೇವತೆ ಇದ್ದಾಳೆ, ಹೊಸ ವಿನ್ಯಾಸಗಳನ್ನು ಅವಳೇ ಕನಸಿನಲ್ಲಿ ತೋರಿಸುತ್ತಾಳೆ ಎಂಬುದು ತಿಬೋಲಿಗಳ ನಂಬಿಕೆ. ಕನಸು ಬೀಳದವರು ತಾಯಿ, ಅಜ್ಜಿಯರಿಂದ ಬಂದ ವಿನ್ಯಾಸಗಳನ್ನೇ ನೇಯುತ್ತಾರೆ. 1998ರಲ್ಲಿ ಫಿಲಿಪೀನ್ಸ್ ಸರ್ಕಾರದಿಂದ ‘ಜೀವಂತ ರಾಷ್ಟ್ರೀಯ ನಿಧಿ’ ಎಂಬ ಗೌರವ ಪಡೆದ ಲಾಂಗ್ ದುಲಾಯ್ (1928–2015) ಅವರು ಹನ್ನೆರಡನೆಯ ವಯಸ್ಸಿಗೆ ಮಗ್ಗಕ್ಕೆ ಕೂತವರು. ಮೋಡ, ಚಿಟ್ಟೆ, ಮೊಸಳೆ, ಹೂವುಗಳೆಂದು ನೂರರಷ್ಟು ವಿನ್ಯಾಸಗಳು ಅವರಿಗೆ ಬಾಯಿಪಾಠದಂತೆ ಬರುತ್ತಿದ್ದವು. 2023ರಲ್ಲಿ ಅದೇ ಗೌರವ ಇನ್ನೊಬ್ಬ ತಿನಾಲಕ್ ನೇಕಾರ್ತಿ ಬಾರ್ಬರಾ ಒಫೊಂಗ್ ಅವರಿಗೆ ಸಂದಿತು. ಹಗಲಿನ ಬಿಸಿಲಿಗೆ ನಾರು ತುಂಡಾಗುವುದರಿಂದ ನೇಯ್ಗೆಗೆ ನಸುಕು ಅಥವಾ ಸಂಜೆಯ ತಂಪೇ ಆಗಬೇಕು. ಒಂದು ಉದ್ದದ ತುಂಡು ಮುಗಿಯಲು ತಿಂಗಳುಗಳೇ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಕೈಯಲ್ಲಿ ಹಿಡಿದಾಗ ಮೊದಲು ಗಮನಕ್ಕೆ ಬರುವುದು ಹೊಳಪು. ಇದು ರೇಷ್ಮೆಯ ಹೊಳಪಲ್ಲ. ಎಣ್ಣೆ ಹಚ್ಚಿ ಉಜ್ಜಿದ ಹಳೆಯ ಮರದ ಕಂಬದ ಹೊಳಪಿಗೆ ಹತ್ತಿರ. ನೇಯ್ದು ಮುಗಿದ ಬಟ್ಟೆಯ ಮೇಲೆ, ಕೋಲಿನ ತುದಿಗೆ ಸಿಕ್ಕಿಸಿದ ಕವಡೆಯನ್ನು ಬಲವಾಗಿ ಒತ್ತಿ ಉಜ್ಜುವುದರಿಂದ ಇದು ಬರುತ್ತದೆ. ಕಪ್ಪಿನ ಅಂಚು ಎಲ್ಲಿಯೂ ಗೆರೆ ಎಳೆದಂತೆ ನಿಲ್ಲುವುದಿಲ್ಲ, ಕೆಂಪಿನೊಳಗೂ ಬಿಳುಪಿನೊಳಗೂ ಸ್ವಲ್ಪ ಚದುರುತ್ತದೆ. ಬೆರಳನ್ನು ಹಾಸಿನ ಉದ್ದಕ್ಕೆ ಆಡಿಸಿದರೆ ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಗಂಟುಗಳು ತಾಗುತ್ತವೆ. ನೂಲು ಜೋಡಿಸಿದ ಕೈಯ ಗುರುತುಗಳವು. ನನಗಂತೂ ಈ ಬಟ್ಟೆಯಲ್ಲಿ ಅತ್ಯಂತ ಪ್ರಿಯವಾದ ಸಂಗತಿ ಅದೇ.

ಕುಂದುಗಳನ್ನೂ ಹೇಳಬೇಕು. ಬಟ್ಟೆ ಬಿರುಸು, ಮೈಗೆ ಚುಚ್ಚುತ್ತದೆ, ಬೇಕಾದ ಹಾಗೆ ಮಡಿಕೆ ಬೀಳುವುದಿಲ್ಲ. ಒಮ್ಮೆ ಮಡಚಿಟ್ಟರೆ ಆ ಗೆರೆ ಹೋಗುವುದು ಕಷ್ಟ, ಆದ್ದರಿಂದ ಕೊಳವೆಗೆ ಸುತ್ತಿಯೇ ಇಡಬೇಕು, ಪ್ರಯಾಣದಲ್ಲಿ ಇದೊಂದು ತೊಡಕು. ನೇರ ಬಿಸಿಲು ಬೀಳುವ ಗೋಡೆಗೆ ಇದನ್ನು ಹಾಕಬಾರದು. ಸೊಂಟಕ್ಕೆ ಕಟ್ಟಿಕೊಂಡು ನೇಯುವ ಮಗ್ಗವಾದ್ದರಿಂದ ಪನ್ನ ಕಡಿಮೆ. ಮಂಚಕ್ಕೆ ಹಾಸುವಷ್ಟು ಅಗಲ ಬೇಕೆಂದರೆ ತುಂಡುಗಳನ್ನು ಜೋಡಿಸಿ ಹೊಲಿಯಬೇಕಾಗುತ್ತದೆ.

ಕೊಳ್ಳುವವರು ಹೆಚ್ಚು ಎಚ್ಚರ ವಹಿಸಬೇಕಾದದ್ದು ಮನಿಲಾದ ಪ್ರವಾಸಿ ಅಂಗಡಿಗಳಲ್ಲಿ. ತಿನಾಲಕ್ ವಿನ್ಯಾಸವನ್ನು ಪಾಲಿಯೆಸ್ಟರ್ ಬಟ್ಟೆಯ ಮೇಲೆ ಅಚ್ಚು ಹಾಕಿ ಮಾರುವುದು ಈಗ ಸಾಮಾನ್ಯ. ತಿಂಗಳುಗಟ್ಟಲೆ ಕೂತು ನೇಯ್ದವಳ ವಿನ್ಯಾಸಕ್ಕೆ ಅದರಿಂದ ಒಂದು ಪೆಸೊ ಕೂಡ ಸಲ್ಲುವುದಿಲ್ಲವೆಂಬುದೇ ನನಗೆ ಆಗುವ ಸಂಕಟ. ಪತ್ತೆ ಹಚ್ಚುವುದು ಸುಲಭ: ಬಟ್ಟೆಯನ್ನು ತಿರುಗಿಸಿ ನೋಡಿ. ಹಾಸಿಗೇ ಬಣ್ಣ ಹತ್ತಿರುವ ಅಸಲಿ ತುಂಡಿನಲ್ಲಿ ಎರಡೂ ಮಗ್ಗುಲಲ್ಲಿ ವಿನ್ಯಾಸ ಒಂದೇ ರೀತಿ ಕಾಣುತ್ತದೆ. ಅಚ್ಚಿನ ಬಟ್ಟೆಯ ಹಿಂಬದಿ ಮಂಕಾಗಿರುತ್ತದೆ, ಗಂಟುಗಳೂ ತಾಗುವುದಿಲ್ಲ. ಹಸಿರು, ನೀಲಿ, ಹಳದಿ ಬಣ್ಣಗಳಿದ್ದರೆ ನಕಲಿಯೆಂದೇ ಅರ್ಥವಲ್ಲ, ಅಂಗಡಿ ಬಣ್ಣಗಳನ್ನು ಬಳಸುವ ನೇಕಾರರೂ ಇದ್ದಾರೆ. ಆದರೂ ನಾನು ಮೂರು ಬಣ್ಣದ ತುಂಡನ್ನೇ ಆರಿಸಿ ಎನ್ನುತ್ತೇನೆ.

ಅಸಲಿ ತಿನಾಲಕ್ಕನ್ನೇ ಕತ್ತರಿಸಿ ಹೊಲಿದ ಕೈಚೀಲ, ಪರ್ಸು, ಚಪ್ಪಲಿಗಳೂ ಧಾರಾಳವಾಗಿ ಸಿಗುತ್ತವೆ, ಬೆಲೆಯೂ ಕೈಗೆಟಕುವಂತಿರುತ್ತದೆ. ಮಗ್ಗದ ಮೇಲಿನ ಬಟ್ಟೆಯನ್ನು ದಾಟಬಾರದು, ನೇಯ್ದ ಬಟ್ಟೆಯನ್ನು ಕತ್ತರಿಸಬಾರದು, ಕತ್ತರಿಸಿದರೆ ಫು ದಾಲುವಿನ ಮುನಿಸಿಗೆ ಗುರಿಯಾಗಿ ಕಾಯಿಲೆ ಬೀಳುತ್ತೇವೆ ಎಂದು ತಿಬೋಲಿ ಹಿರಿಯರು ಹೇಳುತ್ತ ಬಂದಿದ್ದಾರೆ. ಮಾರುವಾಗ ಅವಳ ಸಮಾಧಾನಕ್ಕೆಂದು ಬಟ್ಟೆಗೆ ಹಿತ್ತಾಳೆಯ ಉಂಗುರ ಕಟ್ಟುವ ವಾಡಿಕೆಯೂ ಇದೆ. ಮದುವೆಯಲ್ಲಿ ಕನ್ಯಾಶುಲ್ಕವಾಗಿ ಕೊಡುತ್ತಿದ್ದ, ಹೆರಿಗೆಯಲ್ಲಿ ಹೊದಿಸುತ್ತಿದ್ದ ಬಟ್ಟೆಯಿದು. ಚೀಲಗಳ ಮಾರಾಟದಿಂದ ನೇಕಾರರಿಗೆ ವರ್ಷವಿಡೀ ಕೆಲಸ ಸಿಗುತ್ತದೆಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬರೀ ಕಣ್ಣಿನ ಲೆಕ್ಕದಿಂದಲೂ ಚೀಲ ನಷ್ಟವೇ: ಮೊಸಳೆಯ ಅರ್ಧ ಬೆನ್ನು ಒಂದು ಪರ್ಸಿಗೆ, ಉಳಿದದ್ದು ಮತ್ತೊಂದಕ್ಕೆ ಹೋದ ಮೇಲೆ ಆ ವಿನ್ಯಾಸ ಹೇಗೆ ಮರುಕಳಿಸುತ್ತದೆ, ಎಲ್ಲಿ ತಿರುಗುತ್ತದೆ ಎಂಬುದು ಯಾರಿಗೂ ಕಾಣುವುದಿಲ್ಲ.

ಲೇಕ್ ಸೆಬುಗೆ ಹೋಗುವವರು ಜನರಲ್ ಸಾಂಟೋಸ್ ನಗರಕ್ಕೆ ವಿಮಾನದಲ್ಲಿ ಬಂದು, ಅಲ್ಲಿಂದ ಕೊರೊನಡಾಲ್ ಮಾರ್ಗವಾಗಿ ರಸ್ತೆಯಲ್ಲಿ ಹೋಗಬಹುದು. ಕೊರೊನಡಾಲಿನಲ್ಲಿ ಪ್ರತಿ ಜುಲೈಯಲ್ಲಿ ಈ ಬಟ್ಟೆಯ ಹೆಸರಿನದೇ ಉತ್ಸವ ನಡೆಯುತ್ತದೆ. ಮೀಟರ್ ಲೆಕ್ಕದ ಬೆಲೆ ಗಿರಣಿ ಬಟ್ಟೆಗಿಂತ ಹಲವು ಪಟ್ಟು ಹೆಚ್ಚು, ಅದರ ಹಿಂದಿರುವ ತಿಂಗಳುಗಳ ದುಡಿಮೆಯನ್ನು ನೆನೆದರೆ ಚೌಕಾಸಿಗೆ ಬಾಯಿ ಬರಬಾರದು. ಲೇಕ್ ಸೆಬುವರೆಗೆ ಹೋಗಲಾಗದವರು ಬೇರೆ ಕಡೆ ಕೊಳ್ಳುವಾಗ, ತುಂಡನ್ನು ನೇಯ್ದವರು ಯಾರು, ವಿನ್ಯಾಸದ ಹೆಸರೇನು ಎಂಬ ಎರಡು ಪ್ರಶ್ನೆಗಳನ್ನು ಕೇಳಲಿ. ಅಂಗಡಿಯವರಿಗೆ ಉತ್ತರ ತಿಳಿಯದಿದ್ದರೆ ಬೇರೊಂದು ಅಂಗಡಿ ನೋಡುವುದು ಮೇಲು.