ಎಂಟು ವರ್ಷ ಓಡಿಸಿದ 280 ಎಸ್‌ಎಲ್: ಮೊದಲು ಕಾರ್ಪೆಟ್ ಮುಟ್ಟಿ ನೋಡಿ

ಬಟ್ಟೆಯ ಟಾಪ್ ಮಡಚಿ ಓಡಿಸುವ ಹಳೇ ಮರ್ಸಿಡಿಸ್ ಎಸ್‌ಎಲ್ ಕಾರು ಮಾರಾಟಕ್ಕಿದೆ ಅಂತ ನೋಡಲು ಹೋದವರೆಲ್ಲ ಮೊದಲು ಬಾನೆಟ್ ಎತ್ತುತ್ತಾರೆ. ನಾನೂ ಹಾಗೇ ಮಾಡಿದ್ದೆ. ಎತ್ತಬೇಕಾದ್ದು ಕಾಲಡಿಯ ಕಾರ್ಪೆಟ್.

ನನ್ನದು 1981ರ 280 ಎಸ್‌ಎಲ್, ಆರ್107 ಅಂತಾರಲ್ಲ, ಆ ಸಾಲಿನದು. 1971ರಿಂದ 1989ರವರೆಗೆ ಇಂಥವು ಸುಮಾರು 2.37 ಲಕ್ಷ ತಯಾರಾದವು. ಹಾಗಾಗಿ 'ಎಲ್ಲೂ ಸಿಗಲ್ಲ ಸಾರ್' ಅಂತ ರೇಟು ಏರಿಸುವವರ ಮಾತು ಕೇಳಬೇಡಿ. ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಇದು ಹುಟ್ಟಿದ ಸಿಂಡೆಲ್ಫಿಂಗನ್ ಇಲ್ಲೇ ಪಕ್ಕದಲ್ಲಿ.

ಕೊಂಡ ವರ್ಷದ ಅಕ್ಟೋಬರ್. ರಾತ್ರಿಯಿಡೀ ಮಳೆ. ಬೆಳಿಗ್ಗೆ ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ಕಾರ್ಪೆಟ್ ಒತ್ತಿದರೆ ಬೆರಳ ಸಂದಿಯಲ್ಲಿ ನೀರು. ಟಾಪ್ ಸೋರಿದೆ ಅಂದುಕೊಂಡೆ. ಅದಲ್ಲ. ವೈಪರ್ ಹತ್ತಿರ ಗಾಳಿ ಹೋಗುವ ಜಾಲರಿ ಇದೆ. ಅಲ್ಲಿ ಬಿದ್ದ ನೀರು ಎರಡೂ ಕಡೆ ಇಳಿದು ಮುಂದಿನ ಚಕ್ರಗಳ ಹಿಂದೆ ಹೊರಗೆ ಹೋಗಬೇಕು. ಆ ದಾರಿಯಲ್ಲಿ ಎಲೆ ಕೊಳೆತು ಗೊಬ್ಬರವಾಗಿತ್ತು. ವರ್ಷಗಟ್ಟಲೆ ಯಾರೂ ಕೈ ಹಾಕಿರಲಿಲ್ಲ. ನಿಂತ ನೀರು ತಗಡು ತಿಂದಿತ್ತು. ವೆಲ್ಡಿಂಗ್ ಮಾಡಿಸಲು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕಾಯಿತು. ತೂತು ಅಂಗೈ ಅಗಲ, ಬಿಲ್ಲು ಮಾರುದ್ದ.

ಅದಕ್ಕೇ ಹೇಳುತ್ತಿದ್ದೇನೆ, ನೋಡಲು ಹೋದಾಗ ಜಾಲರಿಗೆ ಒಂದು ಚೊಂಬು ನೀರು ಸುರಿಯಿರಿ. ಚಕ್ರದ ಹಿಂದೆ ನೀರು ಕಾಣಿಸಬೇಕು. ಮಾರುವವರು ಬೇಡ ಅಂದರೆ ಬಂದ ದಾರಿ ಹಿಡಿಯಿರಿ.

ಎಂಜಿನ್ ಬಗ್ಗೆ ದೂರಿಲ್ಲ. ಆರು ಸಿಲಿಂಡರ್, 2.7 ಲೀಟರ್, 185 ಎಚ್‌ಪಿ. ಆದರೆ ಕಾರು ಒಂದೂವರೆ ಟನ್ ಇದೆ, ತಿರುವಿನಲ್ಲಿ ವಾಲುತ್ತದೆ. ಸ್ಪೋರ್ಟ್ಸ್ ಕಾರು ಅಂತ ಅವಸರಪಟ್ಟರೆ ನಿರಾಸೆ ಆಗುತ್ತದೆ. ಇದರ ಮಜಾ ಇರುವುದು ಜೂನ್ ಸಂಜೆ ಟಾಪ್ ಮಡಚಿ, ಬಾಡನ್-ಬಾಡನ್‌ನಿಂದ ಬ್ಲ್ಯಾಕ್ ಫಾರೆಸ್ಟ್ ಮೇಲಿನ ರಸ್ತೆಯಲ್ಲಿ ಅರವತ್ತು-ಎಪ್ಪತ್ತರಲ್ಲಿ ಹೋಗುವಾಗ. ಕಡಿದಿಟ್ಟ ಮರದ ದಿಮ್ಮಿಗಳ ವಾಸನೆ ಸೀದಾ ಮೂಗಿಗೆ. ಹಾಸನದಿಂದ ಬಂದಿದ್ದ ಅಮ್ಮ ಮಾತ್ರ ಸೆರಗು ತಲೆಗೆ ಬಿಗಿದುಕೊಂಡು, 'ಮೇಲೆ ಏನೂ ಇಲ್ದಿರೋ ಕಾರಿಗೆ ಇಷ್ಟು ದುಡ್ಡು ಕೊಟ್ಟೆಯಾ?' ಅಂದರು.

ಪೆಟ್ರೋಲ್ ನೂರು ಕಿಲೋಮೀಟರಿಗೆ 14 ಲೀಟರ್ ಕುಡಿಯುತ್ತದೆ. ಮೂವತ್ತು ವರ್ಷ ದಾಟಿದ ಕಾರಿಗೆ ಸಿಗುವ ಎಚ್ ನಂಬರ್ ಪ್ಲೇಟ್ ಇರುವುದರಿಂದ ವರ್ಷದ ತೆರಿಗೆ ಸುಮಾರು 192 ಯೂರೋ ಅಷ್ಟೇ. ಬಿಡಿಭಾಗ ಸಿಗುತ್ತವೆ, ಅಗ್ಗವಲ್ಲ. ಬಟ್ಟೆ ಟಾಪ್ ಬದಲು ಕೂರಿಸುವ ಗಟ್ಟಿ ಟಾಪ್ ಎತ್ತಲು ಇಬ್ಬರು ಬೇಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಆಗ ನಾನು ಹೊರಗೆ ತೆಗೆಯುವುದೇ ಇಲ್ಲ.

ಈಗ ಮಾರುತ್ತಿದ್ದೇನೆ. ಮಗು ಬಂದಿದೆ, ಇದರಲ್ಲಿ ಇರುವುದು ಎರಡೇ ಸೀಟು. ಜಾಹೀರಾತಿಗೆ ಮೊದಲ ಫೋಟೋ ಕಾರ್ಪೆಟ್ ಎತ್ತಿದ್ದನ್ನೇ ಹಾಕಿದೆ. ಫೋನ್ ಮಾಡಿದ ಮೂವರಲ್ಲಿ ಒಬ್ಬರು ಮಾತ್ರ ಅದರ ಬಗ್ಗೆ ಕೇಳಿದರು. ಶನಿವಾರ ಬರುತ್ತಾರಂತೆ. ಚೊಂಬು ತೊಳೆದಿಟ್ಟಿದ್ದೇನೆ.