ಸ್ಕೋನ್ ಮಾಡೋಕೆ ಈ ಪುಟ್ಟ ಓವನ್ ಸಾಕು

ಮಡಿಕೇರಿಯಲ್ಲಿ ತಗೊಂಡ 25 ಲೀಟರ್ ಓಟಿಜಿಯಲ್ಲಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗೋ ಪುಟ್ಟ ಕರೆಂಟ್ ಓವನ್) ಭಾನುವಾರ ಗೆಳತಿಯರಿಗೆ ಅಂತ ಒಣದ್ರಾಕ್ಷಿ ಸ್ಕೋನ್ (ಪುಟ್ಟ ಬನ್ ತರದ ಬೇಕರಿ ತಿಂಡಿ) ಮಾಡಿದೆ, ತುಂಬಾ ಚೆನ್ನಾಗಿ ಬಂತು. 250 ಗ್ರಾಂ ಮೈದಾಗೆ 60 ಗ್ರಾಂ ಬೆಣ್ಣೆ. ಬೆಣ್ಣೆ ತಣ್ಣಗೆ ಗಟ್ಟಿಯಾಗಿರಬೇಕು, ಬೆರಳ ತುದಿಯಲ್ಲಿ ಉಜ್ಜುತ್ತಾ ಹಿಟ್ಟು ರವೆ ತರ ಆಗೋವರೆಗೆ ಬೆರೆಸಬೇಕು, ಚಪಾತಿ ಹಿಟ್ಟಿನ ಹಾಗೆ ನಾದಿದರೆ ಕೆಟ್ಟಿತು. ನಮ್ಮ ಮಳೆಗಾಲದ ಚಳಿ ಇದಕ್ಕೆ ಹೇಳಿ ಮಾಡಿಸಿದ್ದು, ಅಲ್ವಾ? ಓವನ್ 200 ಡಿಗ್ರಿಗೆ ಮೊದಲೇ ಕಾಯಿಸಿಟ್ಟರೆ 15 ನಿಮಿಷ ಸಾಕು. ಒಂದೇ ಕೊರತೆ, ಹಿಂದಿನ ಸಾಲು ಬೇಗ ಕೆಂಪಾಗುತ್ತದೆ. ಹತ್ತನೇ ನಿಮಿಷಕ್ಕೆ ಟ್ರೇ ತಿರುಗಿಸಲೇಬೇಕು. ಬಿಸಿಬಿಸಿ ಮುರಿದಾಗ ಹಬೆಯ ಜೊತೆ ಬೆಣ್ಣೆಯ ಘಮ ಬಂತು. ಮೇಲೆ ಕೊಡಗಿನ ಜೇನು, ಪಕ್ಕದಲ್ಲಿ ಫಿಲ್ಟರ್ ಕಾಫಿ. ಮಾಡಿದ ಎಂಟು ಸ್ಕೋನೂ ಖಾಲಿ.