ಅಡಿಕೆ ತೋಟಕ್ಕೆ ಯಾವ ಇಯರ್‌ಫೋನ್? ಒಂದು ಮಳೆಗಾಲ ಮೂರನ್ನೂ ಹಾಕಿ ನೋಡಿದೆ

ನಮ್ಮದು ಪೆರ್ಲದ ಹತ್ತಿರ ಅಡಿಕೆ ತೋಟ. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ತೋಟದಲ್ಲಿರುತ್ತೇನೆ, ಉಳಿದ ಹೊತ್ತು ಮನೆಯಿಂದಲೇ ಕಂಪ್ಯೂಟರ್ ಕೆಲಸ. ತೋಟದಲ್ಲಿ ನನಗೆ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ, ಬೇಕೇ ಬೇಕು. ಒಂದೊಂದು ಪ್ರಸಂಗ ಮೂರು ನಾಲ್ಕು ಗಂಟೆ ಹೋಗುತ್ತದೆ. ಪಾತ್ರದ ಮಾತಾಡುವ ಅರ್ಥಧಾರಿಯ ಒಂದು ಮಾತು ತಪ್ಪಿದರೆ ಎದುರಿನವರ ಉತ್ತರದ ರುಚಿಯೇ ಹೋಗುತ್ತದೆ, ಅಲ್ವಾ? ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ಜಾತಿಯ ಇಯರ್‌ಫೋನ್ ಸರದಿಯಲ್ಲಿ ಹಾಕಿ ನೋಡಿದೆ. ಕಿವಿಯೊಳಗೆ ತುರುಕುವ ಇಯರ್‌ಬಡ್, ಕಿವಿಯ ಅಂಚಿಗೆ ಸಿಕ್ಕಿಸುವ ಕ್ಲಿಪ್, ಮತ್ತೆ ಎಲುಬಿನ ಮೂಲಕ ಕೇಳಿಸುವ ಬೋನ್ ಕಂಡಕ್ಷನ್. ತೋಟಕ್ಕೆ ಗೆದ್ದದ್ದು ಮೂರನೆಯದು. ಆದರೆ ಎಲ್ಲದರಲ್ಲೂ ಅಲ್ಲ.

ಮೊದಲು ಇಯರ್‌ಬಡ್. ಬರೀ ಧ್ವನಿಯ ಲೆಕ್ಕ ಹಾಕಿದರೆ ಇದರ ಹತ್ತಿರ ಉಳಿದ ಎರಡೂ ಬರುವುದಿಲ್ಲ. ರಬ್ಬರ್ ತುದಿ ಕಿವಿಯನ್ನು ಗಟ್ಟಿಯಾಗಿ ಮುಚ್ಚುವುದರಿಂದ ಮದ್ದಳೆಯ ತುಂಬು ನಾದ ಹಾಗೇ ಸಿಗುತ್ತದೆ, ಕಾಸರಗೋಡಿಗೆ ಹೋಗುವ ಬಸ್ಸಿನಲ್ಲಿ ಎಂಜಿನ್ ಸದ್ದೂ ಕಾಟ ಕೊಡುವುದಿಲ್ಲ. ತೊಂದರೆ ಇರುವುದು ಅದೇ ಮುಚ್ಚುವ ಗುಣದಲ್ಲಿ. ಅಡಿಕೆ ಸೋಗೆ ಬೀಳುವ ಮೊದಲು ಮೇಲೆ ಹಾಳೆ ಬಿಟ್ಟುಕೊಳ್ಳುವ ‘ಚರ್’ ಸದ್ದು ಬರುತ್ತದೆ, ತೋಟದಲ್ಲಿ ಬೆಳೆದವರಿಗೆ ಅದು ಕೇಳಿದ ಕೂಡಲೇ ಕಾಲು ತಾನಾಗಿ ಪಕ್ಕಕ್ಕೆ ಹೋಗುತ್ತದೆ. ಜುಲೈಯಲ್ಲಿ ಒಂದು ಸೋಗೆ ನನ್ನ ಬೆನ್ನ ಹಿಂದೆ ಒಂದು ಮಾರು ದೂರದಲ್ಲಿ ಬಿತ್ತು, ನನಗೆ ಗೊತ್ತಾದದ್ದು ತಿರುಗಿ ನೋಡಿದಾಗ. ಹೊರಗಿನ ಸದ್ದನ್ನು ಮೈಕಿನ ಮೂಲಕ ಒಳಗೆ ಬಿಡುವ ವ್ಯವಸ್ಥೆ ಅದರಲ್ಲಿ ಉಂಟು. ಆದರೆ ಮಳೆ ಹನಿ ಮೈಕಿನ ಮೇಲೆ ಬಿದ್ದಾಗ ಪಟಪಟ ಅನ್ನುವುದೇ ಜಾಸ್ತಿ. ಇನ್ನೊಂದು ವಿಷಯ, ನಮ್ಮ ಮಳೆಗಾಲದ ತೇವದಲ್ಲಿ ದಿನಾ ನಾಲ್ಕು ಗಂಟೆ ಕಿವಿ ಮುಚ್ಚಿಟ್ಟರೆ ಒಳಗೆ ಬೆವರು ನಿಂತು ತುರಿಕೆ ಶುರುವಾಗುತ್ತದೆ. ಬೂಸ್ಟು ಹಿಡಿದಿದೆ, ಕಿವಿಯನ್ನು ಒಣಗಲು ಬಿಡಿ ಅಂತ ಡಾಕ್ಟರು ಹೇಳಿದರು. ಅಲ್ಲಿಗೆ ತೋಟಕ್ಕೆ ಇಯರ್‌ಬಡ್ ಬಂದ್.

ಕ್ಲಿಪ್ ನೋಡಲು ಚಂದ, ಬೆಂಡೋಲೆಯ ಹಾಗೆ. ಕಿವಿಯ ಅಂಚನ್ನು ಮೆಲ್ಲಗೆ ಹಿಡಿದುಕೊಳ್ಳುತ್ತದೆ, ಸಣ್ಣ ಸ್ಪೀಕರ್ ಕಿವಿಯ ತೂತಿನ ಕಡೆಗೆ ಸದ್ದು ಬಿಡುತ್ತದೆ, ಒಳಗೆ ಏನೂ ಹೋಗುವುದಿಲ್ಲ. ಮನೆಯೊಳಗೆ ಮೀಟಿಂಗಿಗೆ ಇದಕ್ಕಿಂತ ಸುಖವಾದದ್ದು ನಾನು ಬೇರೆ ಕಂಡಿಲ್ಲ, ಹಾಕಿದ್ದೇ ಮರೆತುಹೋಗುತ್ತದೆ. ತೋಟದಲ್ಲಿ ಮಾತ್ರ ಜೋರು ಮಳೆ ಸೋಗೆಗಳ ಮೇಲೆ ಸುರಿಯುವಾಗ ಅರ್ಥಗಾರಿಕೆ ಪೂರ್ತಿ ಮುಳುಗುತ್ತದೆ. ವಾಲ್ಯೂಮ್ ಏರಿಸಿದರೆ ಪಕ್ಕದಲ್ಲಿ ಕೆಲಸ ಮಾಡುವವರಿಗೂ ಕೇಳುತ್ತದೆ. ಒಂದು ದಿನ ಬಲಗಿವಿಯದ್ದು ಕಳಚಿ ಬಿತ್ತು, ಹಸಿ ಸೊಪ್ಪಿನ ರಾಶಿಯಲ್ಲಿ ಹುಡುಕಲು ಅರ್ಧ ಗಂಟೆ ಹೋಯಿತು.

ಇನ್ನು ಬೋನ್ ಕಂಡಕ್ಷನ್. ಎರಡು ಗುಂಡಿಗಳು ಕಿವಿಯ ಮುಂದೆ, ಕೆನ್ನೆಯ ಎಲುಬಿನ ಮೇಲೆ ಕೂರುತ್ತವೆ. ಅವುಗಳ ನಡುಕ ತಲೆಬುರುಡೆಯ ಮೂಲಕ ನೇರ ಒಳಗಿವಿಗೆ ಹೋಗುತ್ತದೆ, ಕಿವಿಯ ತಮಟೆಯ ಹಂಗಿಲ್ಲ. ಈ ಜಾತಿಯಲ್ಲಿ ಹೆಸರು ಮಾಡಿದ ಕಂಪನಿ ಶಾಕ್ಸ್, ಮೊದಲು ಆಫ್ಟರ್‌ಶಾಕ್ಸ್ ಅಂತ ಇತ್ತು. ಅವರ ಓಪನ್‌ರನ್ ತೂಕ 26 ಗ್ರಾಂ, ಬ್ಯಾಟರಿ 8 ಗಂಟೆ. ನನ್ನದು ಅದಲ್ಲ, ಕಡಿಮೆ ಬೆಲೆಯ ಇನ್ನೊಂದು, ಆದರೆ ಅದರ ಹಾಗೆ ಇದಕ್ಕೂ ಐಪಿ67 ಉಂಟು. ಕೊಳ್ಳುವಾಗ ಈ ಅಂಕಿ ನೋಡಲೇಬೇಕು. 6 ಅಂದರೆ ಧೂಳು ಒಳಗೆ ಹೋಗುವುದಿಲ್ಲ, 7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ. ಐಪಿಎಕ್ಸ್4 ಅಂದರೆ ಬರೀ ನೀರು ಚಿಮುಕಿದರೆ ಪರವಾಗಿಲ್ಲ ಅಂತ, ನಮ್ಮ ಆಟಿ ತಿಂಗಳ ಮಳೆಗೆ ಅದು ಸಾಲದು. ಈ ಪರೀಕ್ಷೆ ಮಾಡುವುದು ಶುದ್ಧ ನೀರಿನಲ್ಲಿ. ಹಾಗಾಗಿ ಬೆವರು, ಮೈಲುತುತ್ತು ಸುಣ್ಣದ ಮದ್ದು ತಾಗಿದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಚಾರ್ಜಿಂಗ್ ಜಾಗ ಪೂರ್ತಿ ಒಣಗಿದ ಮೇಲೇ ಚಾರ್ಜಿಗೆ ಇಡುತ್ತೇನೆ.

ಹಾಕಿಕೊಂಡ ಮೊದಲ ದಿನ ವಿಚಿತ್ರ ಅನಿಸುತ್ತದೆ. ಚೆಂಡೆ ಸ್ಪಷ್ಟ, ಜಾಗಟೆ ಸ್ಪಷ್ಟ, ಭಾಗವತರ ಏರು ಸ್ವರ ಸ್ಪಷ್ಟ. ಮದ್ದಳೆ ಮಾತ್ರ ತೆಳು, ಜೋರು ಇಟ್ಟರೆ ಕೆನ್ನೆಯಲ್ಲಿ ಕಚಗುಳಿ. ಆದರೆ ಮಾತು! ಮಾತು ಕೇಳಲು ಇದು ಬಹಳ ಒಳ್ಳೆಯದು. ಅರ್ಥಧಾರಿ ತಲೆಯೊಳಗೇ ಕೂತು ಮಾತಾಡಿದ ಹಾಗೆ, ಅದೇ ಹೊತ್ತಿಗೆ ಸೋಗೆಯ ಸದ್ದು, ಗುಡ್ಡೆಯ ಕಡೆಯಿಂದ ಹಂದಿ ಬಂದ ಸದ್ದು, ಅಂಗಳದಿಂದ ಅಮ್ಮ ಕರೆದದ್ದು ಎಲ್ಲ ಮೊದಲಿನ ಹಾಗೇ ಕೇಳುತ್ತದೆ. ಪಟ್ಟಿ ಕುತ್ತಿಗೆಯ ಹಿಂದೆ ಬರುವುದರಿಂದ ತಲೆಗೆ ಹಾಕುವ ಹಾಳೆಯ ಮುಟ್ಟಾಳೆಗೂ ಅಡ್ಡಿಯಿಲ್ಲ. ಹೆಲ್ಮೆಟ್‌ಗೆ ಅಡ್ಡಿ ಉಂಟು, ಬೈಕಿನಲ್ಲಿ ಹಾಕಲೂ ಬಾರದು.

ಮಳೆ ತೀರಾ ಜೋರಾದರೆ ಇದರಲ್ಲೂ ಮಾತು ಹಿಂದೆ ಸರಿಯುತ್ತದೆ, ಕ್ಲಿಪ್‌ನಷ್ಟು ಅಲ್ಲ. ಇಲ್ಲಿ ಒಂದು ಉಪಾಯ ಸಿಕ್ಕಿತು. ಹುಲ್ಲು ಹೆರೆಯುವ ಮೆಷಿನ್ ಹಿಡಿಯುವಾಗ ಕಿವಿಗೆ ಫೋಮಿನ ಬಿರಡೆ ಹಾಕುವ ಅಭ್ಯಾಸ ನನಗೆ ಮೊದಲಿನಿಂದಲೂ ಉಂಟು. ಬಿರಡೆ ಹಾಕಿ ಮೇಲಿಂದ ಇದನ್ನು ಹಾಕಿದೆ ನೋಡಿ, ಮೆಷಿನಿನ ಅಬ್ಬರ ಕುಗ್ಗಿತು, ಮಾತು ಮೊದಲಿಗಿಂತ ದಪ್ಪವಾಗಿ ಕೇಳಿತು, ಕಾಣೆಯಾಗಿದ್ದ ಮದ್ದಳೆಯೂ ವಾಪಸ್ ಬಂತು! ಕಿವಿ ಮುಚ್ಚಿದಾಗ ಎಲುಬಿನಿಂದ ಬಂದ ತಗ್ಗು ಸ್ವರ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಉಳಿಯುತ್ತದೆ. ಎರಡು ಕೈಯಲ್ಲಿ ಕಿವಿ ಮುಚ್ಚಿ ಮಾತಾಡಿ ನೋಡಿ, ನಿಮ್ಮ ಸ್ವರವೇ ಗುಂಯ್ ಅನ್ನುತ್ತದೆ, ಅದೇ ಇದು. ಆದರೆ ಬಿರಡೆ ಹಾಕಿದ ಮೇಲೆ ಸೋಗೆಯ ಸದ್ದೂ ಹೋಯಿತು. ಹಾಗಾಗಿ ಬಯಲು ಗುಡ್ಡೆಯ ಹುಲ್ಲಿಗೆ ಮಾತ್ರ ಹೀಗೆ, ಮರಗಳ ಅಡಿಯಲ್ಲಿ ಬೇಡ.

ಎಲುಬಿನ ಮೂಲಕ ಅಂದ ಕೂಡಲೇ ಕಿವಿಗೆ ಏನೂ ಆಗುವುದಿಲ್ಲ ಅಂತ ತಿಳಿಯಬೇಡಿ. ದಾರಿ ಬೇರೆ, ತಲುಪುವ ಜಾಗ ಅದೇ ಒಳಗಿವಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ, ಸದ್ದು ಏರಿದ ಹಾಗೆ ಆ ಹೊತ್ತು ಬೇಗ ಬೇಗ ಇಳಿಯುತ್ತದೆ.

ಫೋನು ಎಲ್ಲಿ ಇಡುತ್ತೀರಿ ಅನ್ನುವುದೂ ಮುಖ್ಯ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್ ಅಲೆಯಲ್ಲಿ, ನೀರು ಅದನ್ನು ಹೀರಿಕೊಳ್ಳುತ್ತದೆ, ನಮ್ಮ ಮೈಯೂ ಹೆಚ್ಚುಪಾಲು ನೀರೇ ಅಲ್ವಾ. ಪ್ಯಾಂಟಿನ ಹಿಂದಿನ ಕಿಸೆಯಲ್ಲಿಟ್ಟು ಬಗ್ಗಿ ಅಡಿಕೆ ಹೆಕ್ಕುವಾಗ ಮಾತು ತುಂಡು ತುಂಡಾಗುತ್ತಿತ್ತು, ಅಂಗಿಯ ಕಿಸೆಗೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿದ ಮೇಲೆ ಸರಿಯಾಯಿತು. ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ಬಾಯಲ್ಲಿ ಫೋನ್ ಇಟ್ಟು ಒಳಗೆ ಹೋದರೆ ಮಾತ್ರ ಮೊದಲ ತಿರುವಿನಲ್ಲೇ ಕಡಿಯುತ್ತದೆ, ಮೂರರದ್ದೂ ಅದೇ ಕಥೆ.

ನಮ್ಮ ದೊಡ್ಡಪ್ಪನಿಗೆ ಚಿಕ್ಕಂದಿನಲ್ಲಿ ಕಿವಿ ಸೋರಿ ಎರಡೂ ತಮಟೆ ತೂತಾಗಿದೆ. ಯಕ್ಷಗಾನ ಆಟಕ್ಕೆ ಹೋದರೆ ಚೆಂಡೆಯ ಹತ್ತಿರವೇ ಕೂರುವವರು. ಒಂದು ಮಧ್ಯಾಹ್ನ ಸುಮ್ನೆ ಅವರ ಕೆನ್ನೆಗೆ ಇದನ್ನು ಇಟ್ಟೆ. ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ, “ಇದು ಯಾರ ಅರ್ಥ ಮಾರಾಯ? ಪ್ರತಿ ಅಕ್ಷರ ಕೇಳ್ತದಲ್ಲ!” ಅಂದರು. ಒಳಗಿವಿ ಗಟ್ಟಿ ಇದ್ದು ತೊಂದರೆ ತಮಟೆಯಲ್ಲಿ ಇದ್ದವರಿಗೆ ಹೀಗೆ ಕೇಳಬಹುದು, ಒಳಗಿವಿಯ ನರವೇ ಸೋತಿದ್ದರೆ ಪ್ರಯೋಜನ ಕಡಿಮೆ. ಶ್ರವಣಯಂತ್ರದ ಬದಲಿಗೆ ಇದು ಅಲ್ಲ, ಅದಕ್ಕೆ ಕಿವಿ ಡಾಕ್ಟರ ಹತ್ತಿರವೇ ಹೋಗಬೇಕು, ಮುಂದಿನ ವಾರ ಕರೆದುಕೊಂಡು ಹೋಗುತ್ತಿದ್ದೇನೆ. ಸದ್ಯಕ್ಕೆ ಊಟವಾದ ಮೇಲೆ ಅದು ದೊಡ್ಡಪ್ಪನ ಕೆನ್ನೆಯ ಮೇಲೆ ಇರುತ್ತದೆ, ಸಂಜೆ ತೋಟಕ್ಕೆ ಇಳಿಯುವ ಮೊದಲು ನಾನು ಕೇಳಿ ತೆಗೆದುಕೊಂಡು ಹೋಗುತ್ತೇನೆ.